ಯುದ್ಧ ಮುಗಿದರೂ ಮುಗಿಯದ ಕಾನೂನುಗಳು

ಹೋದ ಸಲ ಕಾಫಿ ಕೊಯ್ಲಿಗೆ ಅಂತ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕೊಂದನ್ನು ಕೆಳಗಿಳಿಸಿದ್ವಿ. ನಮ್ಮೂರು ಇರೋದು ಆಲೂರಿಗೂ ಸಕಲೇಶಪುರಕ್ಕೂ ನಡುವೆ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಾಫಿ. ಟ್ರಂಕಿನಲ್ಲಿ ಸಿಕ್ಕಿದ್ದು ಅಜ್ಜನ ಕಾಲದ ಕಂದಾಯದ ರಸೀದಿಗಳು, ಗೆದ್ದಲು ತಿಂದ ಒಂದು ಪಂಚಾಂಗ, ಮತ್ತೆ ದಾರದಲ್ಲಿ ಪೋಣಿಸಿಟ್ಟಿದ್ದ ಕಾಫಿ ಪೂಲಿನ ಚೀಟಿಗಳು. ಅಪ್ಪ ಅದರಲ್ಲಿ ಒಂದನ್ನು ಕೈಗೆ ತಗೊಂಡು, "ಇದೆಲ್ಲ ಯುದ್ಧದ ಕಾಲದ ಕಾನೂನು ಕಣೋ" ಅಂದ್ರು. ಚೀಟಿ ಮೇಲಿನ ಇಸವಿ ನೋಡಿದೆ. ೧೯೮೪.

"ಎಂಬತ್ನಾಲ್ಕರಲ್ಲಿ ಯಾವ ಯುದ್ಧ ಇತ್ತಪ್ಪ?"

"ಹಿಟ್ಲರನದು" ಅಂದ್ರು ಅಪ್ಪ, ನಗ್ತಾ.

ಅಪ್ಪ ತಮಾಷೆಗೆ ಹೇಳಿದ್ದಲ್ಲ ಅನ್ನೋದು ಆಮೇಲೆ ಓದಿದಾಗ ಗೊತ್ತಾಯ್ತು. ಅದನ್ನ ಹೇಳೋಕೆ ಮುಂಚೆ ಇನ್ನೊಂದು ಪ್ರಸಂಗ ಹೇಳಬೇಕು, ಯಾಕಂದ್ರೆ ಈ ಬರಹಕ್ಕೆ ನಿಜವಾದ ಕಾರಣ ಅದೇ.

೨೦೨೫ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನದ ನಡುವೆ ನಾಲ್ಕು ದಿನ ಸಂಘರ್ಷ ನಡೀತಲ್ಲ, ಆಗ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪನ ಮಗಳು ಒಂದು ಪ್ರಶ್ನೆ ಹಾಕಿದಳು. ಗಡಿಯ ಹಳ್ಳಿಗಳಲ್ಲಿ ಶೆಲ್ ಬಿದ್ದು ಸತ್ತ ನಮ್ಮದೇ ಜನರ ಬಗ್ಗೆ ಟೀವಿಯಲ್ಲಿ ಯಾಕೆ ಇಷ್ಟು ಕಡಿಮೆ ಹೇಳ್ತಾರೆ ಅಂತ. ಅಷ್ಟೇ. ದೊಡ್ಡಪ್ಪ ತಕ್ಷಣ ಉತ್ತರ ಕೊಟ್ಟರು: "ಇದು ಪ್ರಶ್ನೆ ಕೇಳೋ ಹೊತ್ತಲ್ಲ. ಮೊದಲು ಯುದ್ಧ ಮುಗೀಲಿ." ಅವರ ಹಿಂದೆ ಇನ್ನಿಬ್ಬರು ಮೂವರು ಬಂದರು. ಒಬ್ಬರು ದೇಶದ್ರೋಹ ಅನ್ನೋ ಮಾತನ್ನೂ ಆಡಿದರು. ಹತ್ತೊಂಬತ್ತು ವರ್ಷದ ಹುಡುಗಿ. ರಾತ್ರಿ ಗ್ರೂಪು ಬಿಟ್ಟು ಹೋದಳು. ನಾನು ಅವಳ ಪರವಾಗಿ ನಾಲ್ಕು ಸಾಲು ಟೈಪ್ ಮಾಡಿದೆ, ಅಳಿಸಿದೆ, ಮಲಗಿದೆ.

ಮೇ ೧೦ಕ್ಕೆ ಗುಂಡಿನ ಸದ್ದು ನಿಂತಿತು. "ಈಗ ಮುಗೀತು, ಈಗ ಕೇಳಮ್ಮ" ಅಂತ ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಟ್ರಂಕಿನ ಚೀಟಿ ನೋಡಿದಾಗಿನಿಂದ ಈ ಎರಡೂ ನನ್ನ ತಲೆಯಲ್ಲಿ ಒಂದೇ ಕಥೆ ಆಗಿಬಿಟ್ಟಿವೆ. ಯುದ್ಧ ಮುಗಿಯೋದು ಅಂದ್ರೆ ಏನು? ಗುಂಡು ನಿಲ್ಲೋದಾ, ಅಥವಾ ಯುದ್ಧಕ್ಕೆ ಅಂತ ಬಂದ ನಿಯಮಗಳು ವಾಪಸ್ ಹೋಗೋದಾ?

ಮೊದಲು ಕಾಫಿ ಕಥೆ...

೧೯೩೯ರ ಸೆಪ್ಟೆಂಬರ್ ೩ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಅಂತ ಘೋಷಿಸಿದ. ಇಲ್ಲಿನ ಒಬ್ಬ ಜನಪ್ರತಿನಿಧಿಯನ್ನೂ ಕೇಳಲಿಲ್ಲ. ಯುದ್ಧ ಮುಂದುವರಿದ ಹಾಗೆ ನಮ್ಮ ಮಂಜರಾಬಾದ್ ಸೀಮೆಯ ಕಾಫಿ ಕೊಳ್ಳುತ್ತಿದ್ದ ಯುರೋಪಿನ ಮಾರುಕಟ್ಟೆಗಳು ಮುಚ್ಚಿಕೊಂಡವು. ಕಣದಲ್ಲಿ ಒಣಗಿದ ಕಾಫಿಗೆ ಕೇಳೋರಿಲ್ಲ. ಆಗ ೧೯೪೦ರಲ್ಲಿ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು, ೧೯೪೨ರಲ್ಲಿ ಅದೇ ಕಾಯ್ದೆಯಾಯ್ತು. ಬೆಳೆಗಾರರು ಮನೆ ಖರ್ಚಿಗೆ, ಬಿತ್ತನೆಗೆ ಬಿಟ್ಟಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಒಂದು ಪೂಲಿಗೆ ಹಾಕಬೇಕು. ಕಾಫಿ ಬೋರ್ಡು ಅದನ್ನೆಲ್ಲ ಒಟ್ಟಿಗೆ ಮಾರುತ್ತೆ. ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಬರುತ್ತೆ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಆ ಹೊತ್ತಿಗೆ ಇದು ಬೆಳೆಗಾರರನ್ನು ಉಳಿಸಿದ ಏರ್ಪಾಡು. ಅದಿಲ್ಲದಿದ್ದರೆ ಎಷ್ಟೋ ತೋಟಗಳು ಪಾಳು ಬೀಳ್ತಿದ್ದವು. ಕಾಫಿಗೆ ಒಳನಾಡಿನ ಗಿರಾಕಿ ಹುಡುಕೋಕೆ ಕಾಫಿ ಹೌಸ್‌ಗಳು ಊರೂರಲ್ಲಿ ಹಬ್ಬಿದ್ದೂ ಆಗಲೇ.

ಯುದ್ಧ ೧೯೪೫ರಲ್ಲಿ ಮುಗಿಯಿತು. ಪೂಲು ಮುಗಿಯಲಿಲ್ಲ. ಬ್ರಿಟಿಷರು ಹೋದರು, ಪೂಲು ಇತ್ತು. ತನ್ನ ತೋಟದ ಕಾಫಿಯನ್ನೇ ತಾನು ನೇರವಾಗಿ ಮಾರಿದರೆ ಅಪರಾಧ. ೧೯೯೨ರಲ್ಲಿ ಒಂದಿಷ್ಟು ಸಡಿಲ ಮಾಡಿ, ೧೯೯೬ರ ಹೊತ್ತಿಗೆ ಪೂರ್ತಿ ಬಿಟ್ಟರು. ಆರು ವರ್ಷದ ಯುದ್ಧಕ್ಕೆ ಬಂದ ಏರ್ಪಾಡು ಐವತ್ತಕ್ಕೂ ಹೆಚ್ಚು ವರ್ಷ ನಡೀತು. ನಮ್ಮ ಆಫೀಸಿನಲ್ಲಿ ಇಂಥದ್ದನ್ನ ದಿನಾ ನೋಡ್ತೀನಿ. ರಾತ್ರಿ ಎರಡು ಗಂಟೆಗೆ "ಇದು ಟೆಂಪರರಿ, ಆಮೇಲೆ ತೆಗೀತೀವಿ" ಅಂತ ಹಾಕಿದ ಕೋಡು ಹತ್ತು ವರ್ಷ ಆದ್ರೂ ಅಲ್ಲೇ ಇರುತ್ತೆ. ತೆಗೆಯೋಕೆ ಯಾರಿಗೂ ಧೈರ್ಯ ಇರಲ್ಲ.

ಕಾಫಿ ವಿಷಯದಲ್ಲಿ ಹೀಗಾದ್ರೆ ನಷ್ಟ ದುಡ್ಡಿನದು. ಆದ್ರೆ ಅದೇ ೧೯೩೯ರಲ್ಲಿ ಇನ್ನೊಂದು ನಿಯಮಾವಳಿಯೂ ಬಂತು, ಭಾರತ ರಕ್ಷಣಾ ನಿಯಮಗಳು. ಡಿ.ಐ.ಆರ್. ಅಂತ ಹೇಳ್ತಾರಲ್ಲ, ಅದು. ವಿಚಾರಣೆ ಇಲ್ಲದೆ ಜೈಲಿಗೆ ಹಾಕಬಹುದು, ಪತ್ರಿಕೆ ನಿಲ್ಲಿಸಬಹುದು, ಸಭೆ ತಡೆಯಬಹುದು, ಯುದ್ಧಕ್ಕೆ ಅಡ್ಡಿಯಾಗುವ ಮಾತು ಅಂತ ಅನ್ನಿಸಿದರೆ ಶಿಕ್ಷಿಸಬಹುದು.

ಗಾಂಧೀಜಿ ಇದನ್ನ ಪರೀಕ್ಷೆ ಮಾಡಿದ ರೀತಿ ನನಗೆ ತುಂಬ ಇಷ್ಟ. ೧೯೪೦ರ ಅಕ್ಟೋಬರ್ ೧೭ರಂದು ವಿನೋಬಾ ಭಾವೆ ಒಬ್ಬರೇ ನಿಂತು ಯುದ್ಧದ ವಿರುದ್ಧ ಮಾತಾಡಿದರು. ಗುಂಪು ಇಲ್ಲ, ಗಲಾಟೆ ಇಲ್ಲ. ಅವರನ್ನ ಹಿಡಿದರು. ಆಮೇಲೆ ನೆಹರೂ ಸರದಿ, ಆಮೇಲೆ ಸಾವಿರಾರು ಜನ, ಒಬ್ಬೊಬ್ಬರಾಗಿ. ಕೇಳಿದ್ದು ಒಂದೇ ಹಕ್ಕು: ಈ ಯುದ್ಧಕ್ಕೆ ಸಹಾಯ ಮಾಡಬೇಡಿ ಅಂತ ಶಾಂತವಾಗಿ ಹೇಳುವ ಹಕ್ಕು. ಹಿಟ್ಲರನಿಂದ ಸ್ವಾತಂತ್ರ್ಯ ಉಳಿಸ್ತೀವಿ ಅಂತ ಹೊರಟ ಸರ್ಕಾರಕ್ಕೆ ಅಷ್ಟನ್ನೂ ತಡೆದುಕೊಳ್ಳೋಕೆ ಆಗಲಿಲ್ಲ.

ನಮ್ಮ ಮೈಸೂರು ಸಂಸ್ಥಾನದಲ್ಲಿ ಪರಿಸ್ಥಿತಿ ಇನ್ನೂ ತೊಡಕಿನದು. ಇಲ್ಲಿ ಎದುರಿಗೆ ಇದ್ದದ್ದು ಬಿಳಿಯರಲ್ಲ. ನಮ್ಮದೇ ಮಹಾರಾಜರು, ನಮ್ಮದೇ ದಿವಾನರು. ಜನಕ್ಕೆ ಅರಸರ ಮೇಲೆ ನಿಜವಾದ ಪ್ರೀತಿ ಇತ್ತು. ಮೈಸೂರು ಕಾಂಗ್ರೆಸ್ಸು ಕೂಡ ಕೇಳ್ತಿದ್ದದ್ದು ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ. ಹಾಗಾಗಿ ಯುದ್ಧ ಬೇಡ ಅಂದವನು ಅರಸನಿಗೂ ಎರಡು ಬಗೆದವನ ಹಾಗೆ ಕಾಣ್ತಿದ್ದ.

ಭಯ ಸುಳ್ಳಲ್ಲ ಅನ್ನೋದೂ ನೆನಪಿರಲಿ. ೧೯೪೨ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಮೈಸೂರಿನ ಪದಾತಿ ದಳದವರೂ ಅಲ್ಲಿ ಸೆರೆಯಾದರು. ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದವು. ಬರ್ಮಾ ಹೋಯ್ತು, ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತಿತು. ಬೆಂಗಳೂರಿನಲ್ಲಿ ೧೯೪೦ರ ಡಿಸೆಂಬರ್‌ನಲ್ಲಷ್ಟೇ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ವಿಮಾನ ಕಾರ್ಖಾನೆ, ನಮ್ಮ ಎಚ್.ಎ.ಎಲ್., ಯುದ್ಧದ ಕೆಲಸದಲ್ಲಿ ಮುಳುಗಿತ್ತು. ಇಂಥ ಹೊತ್ತಲ್ಲಿ ಸರ್ಕಾರ ಗಾಬರಿಯಾಗೋದು ಸಹಜ.

ಆಗಸ್ಟ್ ೧೯೪೨ರಲ್ಲಿ ಗಾಂಧೀಜಿಯವರನ್ನ ಹಿಡಿದ ಸುದ್ದಿ ಬಂದ ಮೇಲೆ ಸಂಸ್ಥಾನ ಕುದಿಯಿತು. ಬೆಂಗಳೂರಿನಲ್ಲಿ ಹುಡುಗರು ಕಾಲೇಜು ಬಿಟ್ಟು ಬೀದಿಗೆ ಬಂದರು, ಗಿರಣಿಗಳ ಜೊತೆ ಎಚ್.ಎ.ಎಲ್. ಕಾರ್ಮಿಕರೂ ಮುಷ್ಕರ ಹೂಡಿದರು, ಪೊಲೀಸರ ಗುಂಡಿಗೆ ಜನ ಸತ್ತರು. ನಮ್ಮ ಹಾಸನ ಜಿಲ್ಲೆಯಲ್ಲಿ ನಡೆದದ್ದು ಸಂತೆ ಸತ್ಯಾಗ್ರಹ. ಸಂತೆಗೆ ಹೋಗಿ ಸುಂಕ ಕೊಡಲ್ಲ ಅನ್ನೋದು. ಯೋಚನೆ ಮಾಡಿ, ಬಾಳೆಕಾಯಿ, ಸೌತೆಕಾಯಿ ಬುಟ್ಟಿ ಹೊತ್ತು ಬಂದ ರೈತ ಕೊಡುವ ಚಿಲ್ಲರೆ ಕಾಸು. ಅದನ್ನು ಕೊಡದೆ ಇರೋದೂ ರಾಜ್ಯದ ವಿರುದ್ಧದ ಮಾತು ಆಗ್ತಿತ್ತು.

ಸಕಲೇಶಪುರದಿಂದ ಹೇಮಾವತಿ ಹಿಡಿದು ಕೆಳಗೆ ಹೋದರೆ ಗೊರೂರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹ ಓದಿ ನಗದವರು ನಮ್ಮಲ್ಲಿ ಯಾರಿದ್ದಾರೆ? ಹಳ್ಳಿಯ ಜನರ ಬಗ್ಗೆ ಅಷ್ಟು ಅಕ್ಕರೆಯಿಂದ ಬರೆದ ಆ ಮನುಷ್ಯನೂ ೧೯೪೨ರಲ್ಲಿ ಜೈಲು ಸೇರಿದರು. ಯುದ್ಧ ಕಾಲದ ಸರ್ಕಾರಕ್ಕೆ ಗೊರೂರರಂಥವರೂ ಅಪಾಯವಾಗಿ ಕಾಣ್ತಿದ್ದರು ಅನ್ನೋದೇ ಆ ಕಾಲದ ಬಗ್ಗೆ ಸಾಕಷ್ಟು ಹೇಳುತ್ತೆ.

ಎಲ್ಲಕ್ಕಿಂತ ಘೋರವಾದದ್ದು ಶಿಕಾರಿಪುರ ತಾಲೂಕಿನ ಈಸೂರಿನದು. ಈಸೂರಿನವರು ಕಂದಾಯ ಕೊಡಲ್ಲ ಅಂದರು, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು, ತಮ್ಮದೇ ಸರ್ಕಾರ ಅಂತ ಮಾಡಿಕೊಂಡು ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ಕರೆದರು. ೧೯೪೨ರ ಸೆಪ್ಟೆಂಬರ್ ೨೮ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಊರಿಗೆ ಬಂದಾಗ ಘರ್ಷಣೆಯಾಗಿ ಇಬ್ಬರೂ ಸತ್ತರು. ಆಮೇಲೆ ಸೈನ್ಯ ಬಂತು. ಜನ ಕಾಡು ಸೇರಿದರು, ಮನೆಗಳು ಲೂಟಿಯಾದವು, ಸುಟ್ಟವು. ೧೯೪೩ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು.

ಕೊಂದವರೂ ಕನ್ನಡಿಗರು, ಸತ್ತ ಅಧಿಕಾರಿಗಳೂ ಕನ್ನಡಿಗರು, ಗಲ್ಲಿಗೇರಿಸಿದ ಸರ್ಕಾರವೂ ಕನ್ನಡ ನಾಡಿನದು. ಆ ಇಬ್ಬರು ಅಧಿಕಾರಿಗಳ ಮನೆಯವರ ದುಃಖ ಸಣ್ಣದಲ್ಲ. ಆದರೆ ನನ್ನನ್ನ ಕಾಡೋದು ಅದಕ್ಕೆ ಮುಂಚಿನ ದಿನಗಳು. ಕಂದಾಯದ ದೂರು, ಬಾವುಟದ ಆಸೆ, ಹುಡುಗಾಟದಂಥ ಒಂದು ಸರ್ಕಾರ. ಇವುಗಳ ಜೊತೆ ಮಾತಾಡೋಕೆ ಒಂದು ದಾರಿ ಇದ್ದಿದ್ದರೆ ಏಳು ಜೀವ ಉಳೀತಿದ್ದವೇನೋ. ಮಾತಿಗೆ ಇದ್ದ ದಾರಿಗಳನ್ನೆಲ್ಲ ಯುದ್ಧದ ಹೆಸರಲ್ಲಿ ಮುಚ್ಚಿದ್ದರು.

ಹಣೆಪಟ್ಟಿ ಎಷ್ಟು ಬೇಗ ಬದಲಾಗುತ್ತೆ ನೋಡಿ. ಸಂಸ್ಥಾನದ ಜೈಲು ಕಂಡಿದ್ದ ಕೆ.ಸಿ. ರೆಡ್ಡಿ ೧೯೪೭ರ ಅಕ್ಟೋಬರ್‌ನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿ ಆದರು. ೧೯೭೨ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಯೋಜನೆ ತಂದಾಗ ಅದಕ್ಕೆ ಆಧಾರವಾಗಿ ಕೇಳಿದ್ದು ಜೈಲಿನಲ್ಲಿದ್ದ ದಾಖಲೆ! ದ್ರೋಹದ ಕಾಗದವೇ ದೇಶಭಕ್ತಿಯ ಪ್ರಮಾಣಪತ್ರ ಆಯ್ತು. ಇತ್ತ ಕಮ್ಯುನಿಸ್ಟರು ೧೯೪೧ರಲ್ಲಿ ರಷ್ಯಾದ ಮೇಲೆ ದಾಳಿಯಾದ ಮೇಲೆ ಯುದ್ಧದ ಪರ ನಿಂತರು, ಅವರ ಪಕ್ಷದ ಮೇಲಿದ್ದ ನಿಷೇಧ ೧೯೪೨ರಲ್ಲಿ ಹೋಯ್ತು. ಇಪ್ಪತ್ತು ವರ್ಷದ ನಂತರ ಚೀನಾ ಯುದ್ಧದಲ್ಲಿ ಅವರಲ್ಲೇ ಅನೇಕರು ಜೈಲು ಸೇರಿದರು. ಒಂದೇ ಜನ, ಒಂದು ಯುದ್ಧದಲ್ಲಿ ನಿಷ್ಠರು, ಇನ್ನೊಂದರಲ್ಲಿ ದ್ರೋಹಿಗಳು.

ಸರಿ, ಅದು ಬ್ರಿಟಿಷರ ಕಾಲ, ಆಗಿನದೇ ಬೇರೆ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಸ್ವಾತಂತ್ರ್ಯ ಬಂದ ಮೇಲಿನ ತಾರೀಕುಗಳನ್ನ ಒಂದು ಹಾಳೆ ಮೇಲೆ ಬರೆದುಕೊಂಡಾಗ ಗಾಬರಿ ಆಯ್ತು.

ಚೀನಾ ಯುದ್ಧ: ೧೯೬೨ರ ಅಕ್ಟೋಬರ್ ೨೦ರಿಂದ ನವೆಂಬರ್ ೨೧. ಒಂದು ತಿಂಗಳು. ಅದಕ್ಕೆ ಅಂತ ಘೋಷಿಸಿದ ತುರ್ತುಪರಿಸ್ಥಿತಿ ಕೊನೆಯಾದದ್ದು ೧೯೬೮ರ ಜನವರಿಯಲ್ಲಿ. ಐದು ವರ್ಷಕ್ಕೂ ಹೆಚ್ಚು. ಹಳೇ ಹೆಸರಿನಲ್ಲೇ ಹೊಸ ಭಾರತ ರಕ್ಷಣಾ ಕಾಯ್ದೆ ಬಂತು. ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದರು. ಅವರಲ್ಲಿ ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದರು.

ಬಾಂಗ್ಲಾ ಯುದ್ಧ: ೧೯೭೧ರ ಡಿಸೆಂಬರ್ ೩ರಿಂದ ೧೬. ಎರಡು ವಾರ. ಆಗಿನ ತುರ್ತುಪರಿಸ್ಥಿತಿ ಹೋದದ್ದು ೧೯೭೭ರ ಮಾರ್ಚ್‌ನಲ್ಲಿ. ಅಂದ್ರೆ ೧೯೭೫ರ ಜೂನ್‌ನಲ್ಲಿ ನಮಗೆಲ್ಲ ಗೊತ್ತಿರೋ ತುರ್ತುಪರಿಸ್ಥಿತಿ ಬಂದಾಗ ಹಿಂದಿನ ಯುದ್ಧದ್ದು ಇನ್ನೂ ಜಾರಿಯಲ್ಲೇ ಇತ್ತು! ಒಂದರ ಮೇಲೆ ಇನ್ನೊಂದು. ಬಳಸಿದ ಆಯುಧಗಳು, ಮೀಸಾ ಮತ್ತು ಡಿ.ಐ.ಆರ್., ಎರಡೂ ೧೯೭೧ರಲ್ಲೇ ತಯಾರಾಗಿದ್ದವು.

ಆಗ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇದ್ದವರ ಪಟ್ಟಿ ನೋಡಿ. ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ. ಹೇಮಾವತಿ ದಡದ ಹೊಳೆನರಸೀಪುರದ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ದೇವೇಗೌಡರು. 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ. ಆಸ್ತಮಾದಿಂದ ನರಳಿ ೧೯೭೭ರ ಜನವರಿ ೧೫ರಂದು ಬಿಡುಗಡೆಯಾದ ಅವರು ಐದೇ ದಿನಕ್ಕೆ ತೀರಿಕೊಂಡರು. ಗೊರೂರರಿಗೆ ೧೯೪೨ರಲ್ಲಿ, ದೇವೇಗೌಡರಿಗೆ ೧೯೭೫ರಲ್ಲಿ ಜೈಲು. ಒಂದೇ ಹೊಳೆ ಸಾಲಿನ ಊರುಗಳು, ಮೂವತ್ತಮೂರು ವರ್ಷದ ಅಂತರ, ಸರ್ಕಾರ ಮಾತ್ರ ಬೇರೆ.

ಇನ್ನೊಂದು ಸಣ್ಣ ವಿಷಯ. ನಮ್ಮ ಕಾಫಿ ಕುಡಿಸೋಕೆ ಅಂತ ಹುಟ್ಟಿದ ಕಾಫಿ ಹೌಸುಗಳು ಜನ ಕೂತು ರಾಜಕೀಯ ಮಾತಾಡುವ ಜಾಗಗಳಾಗಿದ್ದವು. ದೆಹಲಿಯ ಕನಾಟ್ ಪ್ಲೇಸಿನ ಕಾಫಿ ಹೌಸನ್ನು ೧೯೭೬ರಲ್ಲಿ ಕೆಡವಿದರು. ಅಜ್ಜ ಪೂಲಿಗೆ ಹಾಕಿದ ಕಾಫಿಯಲ್ಲಿ ನಾಲ್ಕು ಕಾಳು ಅಲ್ಲಿಗೂ ಹೋಗಿರಬಹುದೇನೋ...

ಕೋರ್ಟು ಏನು ಮಾಡ್ತಿತ್ತು? ಇದೂ ಯುದ್ಧದ ಕಥೆಯೇ. ೧೯೪೧ರಲ್ಲಿ ಲಂಡನ್ನಿನಲ್ಲಿ ಬಾಂಬು ಬೀಳ್ತಿದ್ದ ಕಾಲದಲ್ಲಿ ಲಿವರ್ಸಿಜ್ ಅನ್ನೋನ ಬಂಧನದ ಮೊಕದ್ದಮೆ ಬಂತು. ಮಂತ್ರಿ ಸಾಕಷ್ಟು ಕಾರಣ ಇದೆ ಅಂದರೆ ಸಾಕು, ಕಾರಣ ಏನು ಅಂತ ಕೋರ್ಟು ಕೇಳಬೇಕಿಲ್ಲ ಅಂತ ಉಳಿದವರು ಹೇಳಿದಾಗ ಲಾರ್ಡ್ ಆಟ್ಕಿನ್ ಒಬ್ಬರೇ ಒಪ್ಪಲಿಲ್ಲ. ಯುದ್ಧದಲ್ಲೂ ಕಾನೂನಿನ ಮಾತು ಅದೇ ಇರಬೇಕು ಅನ್ನೋದು ಅವರ ವಾದ. ೧೯೪೩ರಲ್ಲಿ ನಮ್ಮ ಫೆಡರಲ್ ಕೋರ್ಟು ತಳಪಾಡೆ ಮೊಕದ್ದಮೆಯಲ್ಲಿ ಡಿ.ಐ.ಆರ್.ನ ೨೬ನೇ ನಿಯಮವೇ ಸಿಂಧು ಅಲ್ಲ ಅಂದಿತು. ಕೆಲವೇ ದಿನಗಳಲ್ಲಿ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದು, ಹಿಂದಿನಿಂದಲೇ ಸರಿ ಇತ್ತು ಅಂತ ಮಾಡಿಕೊಂಡಿತು.

ತುರ್ತುಪರಿಸ್ಥಿತಿಯಲ್ಲಿ ಬಂಧಿತರ ಅರ್ಜಿ ಕೇಳಬಹುದು ಅಂದ ಹೈಕೋರ್ಟುಗಳಲ್ಲಿ ನಮ್ಮ ಕರ್ನಾಟಕದ್ದೂ ಒಂದು. ಆದರೆ ೧೯೭೬ರ ಏಪ್ರಿಲ್ ೨೮ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ತೀರ್ಪಿನಲ್ಲಿ ಆ ದಾರಿ ಮುಚ್ಚಿತು. ಒಪ್ಪದ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಸಂವಿಧಾನಕ್ಕೆ ೧೯೭೮ರ ತಿದ್ದುಪಡಿ ತಂದು, ತುರ್ತುಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ ಕೋರ್ಟಿನ ಬಾಗಿಲು ಮುಚ್ಚಬಾರದು ಅಂತ ಮಾಡಿದರು. ಆ ತೀರ್ಪನ್ನೇ ತಪ್ಪು ಅಂತ ಕೋರ್ಟು ಹೇಳಿದ್ದು ೨೦೧೭ರ ಆಗಸ್ಟ್‌ನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ನಲವತ್ತೊಂದು ವರ್ಷ ಬೇಕಾಯ್ತು.

ಇಷ್ಟೆಲ್ಲ ಓದಿದ ಮೇಲೂ ಯುದ್ಧದಲ್ಲಿ ಯಾವ ನಿರ್ಬಂಧವೂ ಬೇಡ ಅಂತ ನನಗೆ ಅನ್ನಿಸಿಲ್ಲ. ಸೈನ್ಯ ಎಲ್ಲಿ ಸಾಗ್ತಿದೆ ಅಂತ ಫೋಟೋ ಹಾಕೋನನ್ನ ತಡೀಲೇಬೇಕು. ದೊಡ್ಡಪ್ಪನ ಭಯವೂ ಸುಳ್ಳಲ್ಲ, ಅವರ ಗೆಳೆಯರ ಮಕ್ಕಳು ಸೈನ್ಯದಲ್ಲಿದ್ದಾರೆ. ಆದ್ರೆ ಸೈನ್ಯದ ಗುಟ್ಟು ಹೇಳೋದು ಬೇರೆ, ಸತ್ತವರೆಷ್ಟು ಅಂತ ಕೇಳೋದು ಬೇರೆ. ಎರಡನೆಯದಕ್ಕೆ ದ್ರೋಹ ಅನ್ನೋ ಹೆಸರು ಕೊಟ್ಟರೆ ಮೊದಲನೆಯದಕ್ಕೆ ಕೊಡೋಕೆ ಹೆಸರೇ ಉಳಿಯಲ್ಲ.

ಮತ್ತೆ "ಯುದ್ಧ ಮುಗೀಲಿ" ಅನ್ನೋ ಮಾತು. ಕೇಳೋಕೆ ಎಷ್ಟು ಸಮಂಜಸ ಅನ್ಸುತ್ತೆ ಅಲ್ವಾ? ಆದರೆ ಮೇಲಿನ ತಾರೀಕುಗಳಲ್ಲಿ ಒಂದು ಸಲವೂ ಯುದ್ಧ ಮುಗಿದ ದಿನ ಆ ನಿಯಮ ಮುಗಿದಿಲ್ಲ. ಹಾಗಾಗಿ ನಿಯಮ ತರೋವಾಗಲೇ, ಎಲ್ಲರೂ ಉತ್ಸಾಹದಲ್ಲಿರೋವಾಗಲೇ ಒಂದು ಪ್ರಶ್ನೆ ಕೇಳಬೇಕು: ಇದು ಯಾವ ತಾರೀಕಿಗೆ ಮುಗಿಯುತ್ತೆ? ಅದನ್ನ ಕೇಳೋಕೆ ದೇಶಭಕ್ತಿ ಕಡಿಮೆ ಇರಬೇಕಾಗಿಲ್ಲ. ಇನ್ನೂ ಸ್ವಲ್ಪ ಹೆಚ್ಚೇ ಬೇಕು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದೆ. ಅವತ್ತು ನಾನು ಟೈಪ್ ಮಾಡಿ ಅಳಿಸಿದ ವಿಷಯ ಹೇಳಿದೆ. "ಗೊತ್ತಿತ್ತು ಅಣ್ಣ, ಟೈಪಿಂಗ್ ಅಂತ ತೋರಿಸ್ತಿತ್ತು" ಅಂದಳು. ನನಗೆ ಮಾತು ಹೊರಡಲಿಲ್ಲ.

ಅಜ್ಜನ ಚೀಟಿಗಳನ್ನ ಅಪ್ಪ ಮತ್ತೆ ಅದೇ ಟ್ರಂಕಿನಲ್ಲಿಟ್ಟಿದ್ದಾರೆ. ಒಂದನ್ನ ನಾನು ಕೇಳಿ ತಂದಿದ್ದೀನಿ, ನನ್ನ ಮೇಜಿನ ಮೇಲಿದೆ. ನಿಮ್ಮ ಮನೆ ಅಟ್ಟದ ಮೇಲೂ ಇಂಥದ್ದೇನಾದ್ರೂ ಇರಬಹುದು. ಪೂಲಿನ ಚೀಟಿಯೋ, ರೇಷನ್ ಕಾರ್ಡೋ, ತಾತನ ಜೈಲಿನ ಕಾಗದವೋ. ಹಿರಿಯರು ಇರೋವಾಗಲೇ ಇಳಿಸಿ ನೋಡಿ, ಕೇಳಿ. ತಾರೀಕು ನೋಡೋದನ್ನ ಮಾತ್ರ ಮರೀಬೇಡಿ.